ಮೇಣ ಹಾಕಿದ ಪಿಕಪ್ ಬೇಕಾ, ಹಾಕದ್ದು ಬೇಕಾ? ಕಲಬುರಗಿ ಕಡೆಯ ಗಿಟಾರ್ ವಾದಕರಿಗೆ

ಎಲೆಕ್ಟ್ರಿಕ್ ಗಿಟಾರಿಗೆ ಹೊಸ ಪಿಕಪ್, ಅಂದರೆ ತಂತಿಯ ಅದುರನ್ನು ವಿದ್ಯುತ್ ಮಾಡುವ ಭಾಗ, ತರಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ. ನೀವು ಬಾರಿಸುವಾಗ ಸ್ಪೀಕರ್ ನಿಮ್ಮಿಂದ ಎಷ್ಟು ದೂರ ಇರುತ್ತದೆ? ಅದರ ಸದ್ದು ಎಷ್ಟು ಜೋರಾಗಿರುತ್ತದೆ? ಒಳಗೆ ಕರಗಿಸಿದ ಮೇಣ ಹಾಕಿದ ಪಿಕಪ್ ತಗೋಬೇಕಾ, ಹಾಕದ್ದು ತಗೋಬೇಕಾ ಅನ್ನುವುದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನ ಆಗುತ್ತದೆ. ಯಾವುದರ ದನಿ ಚೆಂದ ಅನ್ನುವ ಮಾತು ಆಮೇಲಿನದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಾಲೇಜು ಗ್ಯಾದರಿಂಗ್, ಗಣೇಶ ಹಬ್ಬದ ಆರ್ಕೆಸ್ಟ್ರಾ, ಮದುವೆಯ ಫಂಕ್ಷನ್ ಹಾಲ್, ಹೀಗೆ ವೇದಿಕೆ ಮೇಲೆ ಡಿಸ್ಟಾರ್ಷನ್ (ದನಿಯನ್ನು ಒಡೆದು ಒರಟು ಮಾಡುವ ಎಫೆಕ್ಟ್) ಹಾಕಿ ಬಾರಿಸುವವರು ಮೇಣ ಹಾಕಿದ್ದನ್ನೇ ತಗೊಳ್ಳಿ. ಕಡೇಪಕ್ಷ ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಪಟ್ಟಿ) ಹತ್ತಿರದ ಪಿಕಪ್ ಆದರೂ ಮೇಣದ್ದಿರಲಿ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಬಾರಿಸುವವರು, ಡಿಸ್ಟಾರ್ಷನ್ ಇಲ್ಲದ ಕ್ಲೀನ್ ದನಿಯನ್ನೇ ಇಷ್ಟಪಡುವವರು ಮೇಣ ಇಲ್ಲದ್ದನ್ನು ಧೈರ್ಯವಾಗಿ ತಗೋಬಹುದು. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಒಳಗೆ ಏನು ನಡೆಯುತ್ತದೆ

ಪಿಕಪ್ ಒಳಗೆ ಅಯಸ್ಕಾಂತ ಇರುತ್ತದೆ. ಅದರ ಸುತ್ತ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ, ಅದೇ ಕಾಯಿಲ್. ಆ ತಂತಿ ಎಷ್ಟು ಸಣ್ಣದು ಅಂದರೆ, ಸಾಮಾನ್ಯವಾಗಿ ಬಳಸುವ 42 ಗೇಜ್ ತಂತಿಯ ದಪ್ಪ ಸುಮಾರು 0.06 ಮಿಲಿಮೀಟರ್. ಗಿಟಾರಿನ ಉಕ್ಕಿನ ತಂತಿ ಅದುರಿದಾಗ ಅಯಸ್ಕಾಂತದ ಕ್ಷೇತ್ರ ಅಲುಗುತ್ತದೆ, ಕಾಯಿಲ್‌ನಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ ಅದನ್ನು ದೊಡ್ಡದು ಮಾಡುತ್ತದೆ. ಇಷ್ಟೇ ಆಗಬೇಕು.

ಆದರೆ ಕಾಯಿಲ್‌ನ ಸುತ್ತುಗಳ ನಡುವೆ ಸಡಿಲ ಜಾಗ ಇದ್ದರೆ ಆ ಸುತ್ತುಗಳೂ ಅದುರುತ್ತವೆ. ಮೇಲಿನ ಲೋಹದ ಕವರ್ ಅದುರಬಹುದು, ತಳದ ತಗಡು ಅದುರಬಹುದು. ಅಯಸ್ಕಾಂತದ ಪಕ್ಕದಲ್ಲಿ ಇವು ಯಾವುದು ಅಲುಗಿದರೂ ಅದೂ ವಿದ್ಯುತ್ ಆಗಿ ಹೊರಗೆ ಬರುತ್ತದೆ. ಆಗ ಪಿಕಪ್ ಅರೆಬರೆ ಮೈಕಿನಂತೆ ಕೆಲಸ ಮಾಡುತ್ತದೆ. ಇದನ್ನೇ ಮೈಕ್ರೊಫೋನಿಕ್ ಅನ್ನುತ್ತಾರೆ. ಸ್ಪೀಕರಿನ ಸದ್ದು ಬಂದು ಕಾಯಿಲನ್ನು ಅಲುಗಿಸುತ್ತದೆ, ಅದು ಮತ್ತೆ ಆಂಪ್ ಸೇರಿ ಇನ್ನೂ ಜೋರಾಗಿ ಸ್ಪೀಕರಿಗೆ ಬರುತ್ತದೆ, ಮತ್ತೆ ಕಾಯಿಲ್ ಅಲುಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕಿವಿ ಕೊರೆಯುವ ಕೀರಲು ಶಿಳ್ಳೆ ಎದ್ದಿರುತ್ತದೆ.

ರಾಕ್ ಬಾರಿಸುವವರು ಬೇಕಂತಲೇ ಆಂಪ್ ಮುಂದೆ ನಿಂತು ಒಂದು ಸ್ವರವನ್ನು ಉದ್ದಕ್ಕೆ ಎಳೆಯುತ್ತಾರಲ್ಲ, ಅದು ತಂತಿಯಿಂದ ಬರುವ ಫೀಡ್‌ಬ್ಯಾಕ್. ಅದಕ್ಕೆ ಸ್ವರ ಇದೆ. ಕೈ ಇಟ್ಟು ತಂತಿ ಮುಚ್ಚಿದರೆ ನಿಲ್ಲುತ್ತದೆ. ಪಿಕಪ್ಪಿನ ಶಿಳ್ಳೆ ಯಾವ ಸ್ವರಕ್ಕೂ ಜಗ್ಗುವುದಿಲ್ಲ, ತಂತಿ ಮುಚ್ಚಿದರೂ ನಿಲ್ಲುವುದಿಲ್ಲ. ಮೇಣ ಹಾಕುವುದು ಈ ಎರಡನೆಯದನ್ನು ತಡೆಯಲಿಕ್ಕೆ. ಮೇಣ ಹಾಕಿದರೆ ಒಳ್ಳೆಯ ಫೀಡ್‌ಬ್ಯಾಕೂ ಹೋಗುತ್ತದೆ ಅನ್ನುವ ಭಯ ಬೇಡ. ಅದು ತಂತಿಯದು, ಹಾಗೇ ಉಳಿಯುತ್ತದೆ.

ಕೆಲಸ ನಡೆಯುವುದು ಹೀಗೆ. ಪ್ಯಾರಾಫಿನ್ ಮೇಣಕ್ಕೆ ಸ್ವಲ್ಪ ಜೇನುಮೇಣ ಸೇರಿಸಿ ಕರಗಿಸುತ್ತಾರೆ, ಪಿಕಪ್ಪನ್ನು ಅದರಲ್ಲಿ ಮುಳುಗಿಸುತ್ತಾರೆ. ನೂರಕ್ಕೆ 80 ಭಾಗ ಪ್ಯಾರಾಫಿನ್, 20 ಭಾಗ ಜೇನುಮೇಣ ಅನ್ನುವುದು ಹೆಚ್ಚು ಬಳಕೆಯಲ್ಲಿರುವ ಲೆಕ್ಕ. ಬರೀ ಪ್ಯಾರಾಫಿನ್ ಆರಿದ ಮೇಲೆ ಬಿರುಕು ಬಿಡುತ್ತದೆ, ಜೇನುಮೇಣ ಅದಕ್ಕೆ ಮೆತ್ತಗಿನ ಗುಣ ಕೊಡುತ್ತದೆ. ಒಳಗಿದ್ದ ಗಾಳಿ ಗುಳ್ಳೆ ಗುಳ್ಳೆಯಾಗಿ ಹೊರಬಂದು ಆ ಜಾಗಕ್ಕೆ ಮೇಣ ಹೋಗುತ್ತದೆ. ಆರಿದ ಮೇಲೆ ಸುತ್ತುಗಳು ಕದಲುವುದಿಲ್ಲ. ಕೆಲವರು ಮೇಣದ ಬದಲು ಲ್ಯಾಕರ್ ಬಳಸುತ್ತಾರೆ. ಇಎಂಜಿ ಕಂಪನಿಯ ಬ್ಯಾಟರಿಯಿಂದ ನಡೆಯುವ ಆ್ಯಕ್ಟಿವ್ ಪಿಕಪ್‌ಗಳಲ್ಲಿ ಎಪಾಕ್ಸಿ ಅನ್ನುವ ಗಟ್ಟಿಯಾಗುವ ಅಂಟನ್ನೇ ತುಂಬಿರುತ್ತಾರೆ. ಅಂಥದ್ದು ತಗೊಳ್ಳುವವರಿಗೆ ಈ ಪ್ರಶ್ನೆಯೇ ಬರುವುದಿಲ್ಲ.

ದನಿ ನಿಜಕ್ಕೂ ಬದಲಾಗುತ್ತದಾ

“ಅಣ್ಣಾ, ಮೇಣ ಹಾಕಿದ್ರ ಸೌಂಡ್ ಸತ್ತೇ ಹೋಗ್ತದಂತ, ಖರೇನಾ?” ಹೊಸದಾಗಿ ಬಾರಿಸುವ ಹುಡುಗರು ಕೇಳುವ ಮಾತು ಇದು. ಇದರ ಬೇರು 1950ರ ದಶಕದಲ್ಲಿದೆ.

ಗಿಬ್ಸನ್ ಕಂಪನಿಯ ಸೆತ್ ಲವರ್ ಹಮ್‌ಬಕರ್ ಅನ್ನುವ, ಕರೆಂಟಿನ ಗುಂಯ್ ಸದ್ದು ತಗ್ಗಿಸುವ ಎರಡು ಕಾಯಿಲ್ ಇರುವ ಪಿಕಪ್ ವಿನ್ಯಾಸ ಮಾಡಿ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಪೇಟೆಂಟ್ ಸಿಕ್ಕಿದ್ದು 1959ರಲ್ಲಿ. ಆ ಕಾಲದ ಪಿಕಪ್‌ಗಳ ತಳದಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದೆ (ಪೇಟೆಂಟ್ ಅಪ್ಲೈಡ್ ಫಾರ್) ಅನ್ನುವ ಚೀಟಿ ಅಂಟಿಸಿರುತ್ತಿದ್ದರು. ಅದರಿಂದಲೇ ಅವಕ್ಕೆ ಪಿಎಎಫ್ ಅನ್ನುವ ಹೆಸರು ನಿಂತಿತು. ಅವುಗಳಿಗೆ ಮೇಣ ಹಾಕುತ್ತಿರಲಿಲ್ಲ. ಅದೇ ಕಾಲದಲ್ಲಿ ಫೆಂಡರ್ ಕಂಪನಿ ಟೆಲಿಕ್ಯಾಸ್ಟರ್ ಗಿಟಾರಿನ ಬ್ರಿಡ್ಜ್ ಪಿಕಪ್ಪಿಗೆ ಮೇಣ ಹಾಕುತ್ತಿತ್ತು. ಇವತ್ತು ಲಕ್ಷಗಟ್ಟಲೆ ಕೊಟ್ಟು ಹುಡುಕುವ ಹಳೆಯ ಗಿಟಾರ್‌ಗಳಲ್ಲಿ ಎರಡೂ ಬಗೆಯವು ಇವೆ. ಹಳೆಯ ದನಿ ಬೇಕಂದರೆ ಮೇಣ ಇರಲೇಬಾರದು ಅನ್ನುವ ವಾದ ಟೆಲಿಕ್ಯಾಸ್ಟರ್ ಮುಂದೆ ನಿಲ್ಲುವುದಿಲ್ಲ.

ಪಿಎಎಫ್ ಬಂದಾಗ ಆಂಪ್‌ಗಳು ಸಣ್ಣವು, ಗೇನ್ (ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) ಕಡಿಮೆ. ಮುಂದೆ ಆಂಪ್‌ಗಳು ದೊಡ್ಡವಾದವು, ಗೇನ್ ಜಾಸ್ತಿಯಾಯಿತು, ಅದೇ ಪಿಕಪ್‌ಗಳು ಶಿಳ್ಳೆ ಹೊಡೆಯಲು ಶುರು ಮಾಡಿದವು. ಅಮೆರಿಕದ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಅವರು ಹಳೆಯ ಗಿಬ್ಸನ್ ಹಮ್‌ಬಕರನ್ನು ತಾವೇ ಪ್ಯಾರಾಫಿನ್‌ನಲ್ಲಿ ಮುಳುಗಿಸಿ ಈ ತೊಂದರೆ ಕಳೆದುಕೊಂಡ ಕಥೆ ಗಿಟಾರ್ ವಾದಕರಿಗೆಲ್ಲ ಗೊತ್ತು. ಅವರ ದನಿ ಸತ್ತಿತ್ತು ಅಂತ ಯಾರಾದರೂ ಹೇಳುತ್ತಾರಾ?

ಹಾಗಂತ ವ್ಯತ್ಯಾಸವೇ ಇಲ್ಲ ಅಂತಲೂ ಅಲ್ಲ. ಗಾಳಿಯ ಜಾಗದಲ್ಲಿ ಮೇಣ ಬಂದಾಗ ಕಾಯಿಲ್‌ನ ಕೆಪ್ಯಾಸಿಟನ್ಸ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಗುಣ) ಸ್ವಲ್ಪ ಏರುತ್ತದೆ, ಮೇಲಿನ ತೀಕ್ಷ್ಣ ದನಿ ಕೂದಲೆಳೆಯಷ್ಟು ಕೆಳಗೆ ಸರಿಯುತ್ತದೆ. ಆದರೆ ಗಿಟಾರ್ ಕೇಬಲ್‌ಗೇ ಒಂದು ಮೀಟರಿಗೆ 100 ಪಿಕೋಫ್ಯಾರಡ್ ಅಥವಾ ಅದಕ್ಕಿಂತ ಜಾಸ್ತಿ ಕೆಪ್ಯಾಸಿಟನ್ಸ್ ಇರುತ್ತದೆ. 3 ಮೀಟರ್ ಕೇಬಲ್ ತೆಗೆದು 6 ಮೀಟರಿನದು ಹಾಕಿದರೆ ಮೇಣ ಮಾಡುವುದಕ್ಕಿಂತ ದೊಡ್ಡ ಬದಲಾವಣೆ ಆಗುತ್ತದೆ. ಆಗ ಯಾರೂ ದನಿ ಸತ್ತಿತು ಅನ್ನುವುದಿಲ್ಲ, ಟೋನ್ ನಾಬ್ ಒಂಚೂರು ತಿರುಗಿಸಿಕೊಳ್ಳುತ್ತಾರೆ ಅಷ್ಟೇ.

ಮೇಣ ಇಲ್ಲದ ಪಿಕಪ್ಪಿನಲ್ಲಿ ಜನ ಮೆಚ್ಚುವ ಆ ಜೀವಂತಿಕೆ ಬರುವುದು ಬೇರೆ ಕಡೆಯಿಂದ. ಪಿಕ್ ತಂತಿಗೆ ತಾಗುವ ಟಿಕ್ ಸದ್ದು, ಕೈ ಮರಕ್ಕೆ ತಾಗಿದ ಸದ್ದು, ಕವರಿನ ಸಣ್ಣ ಅದುರು, ಇವೆಲ್ಲ ಒಂಚೂರು ಒಳಗೆ ಬರುತ್ತವೆ. ಕ್ಲೀನ್ ದನಿಯಲ್ಲಿ, ಮೆಲ್ಲಗೆ ಬಾರಿಸುವಾಗ, ಅದು ನಿಜಕ್ಕೂ ಹಿತವಾಗಿ ಕೇಳುತ್ತದೆ. ನನಗೂ ಇಷ್ಟ. ಒಳ್ಳೆಯ ಹಮ್‌ಬಕರನ್ನು ನೆಕ್ (ಗಿಟಾರಿನ ಕತ್ತು) ಕಡೆ ಹಾಕಿ, ಗಿಟಾರಿನ ವಾಲ್ಯೂಮ್ ಅರ್ಧಕ್ಕೆ ಇಳಿಸಿ, ಬೆರಳಿನಿಂದ ಮೀಟಿದರೆ ಗೊತ್ತಾಗುತ್ತದೆ. ಗೇನ್ ಏರಿಸಿದಂತೆ ಅದೇ ಗುಣ ಗಲೀಜಾಗುತ್ತಾ ಹೋಗುತ್ತದೆ. ಒಂದೇ ಗುಣ, ಕಡಿಮೆ ಸದ್ದಿನಲ್ಲಿ ಹಿತ, ಜೋರು ಸದ್ದಿನಲ್ಲಿ ಕಾಟ. ಅದಕ್ಕೇ ಬಾರಿಸುವ ಜಾಗದ ಪ್ರಶ್ನೆಯನ್ನು ಮೊದಲು ಇಟ್ಟಿದ್ದು.

ನಮ್ಮ ಕಡೆಯ ವೇದಿಕೆಗಳು

ಕಲಬುರಗಿಯ ಎಸ್.ಎಂ. ಪಂಡಿತ್ ರಂಗಮಂದಿರ, ಬೀದರಿನ ಚನ್ನಬಸವ ಪಟ್ಟದ್ದೇವರು ರಂಗಮಂದಿರದಂಥ ಜಾಗದಲ್ಲಿ ಬಾರಿಸುವ ಅವಕಾಶ ಎಲ್ಲರಿಗೂ, ಎಲ್ಲ ದಿನವೂ ಸಿಗುವುದಿಲ್ಲ. ನಮ್ಮಲ್ಲಿ ಹೆಚ್ಚಿನ ಕಾರ್ಯಕ್ರಮ ನಡೆಯುವುದು ಫಂಕ್ಷನ್ ಹಾಲಿನಲ್ಲಿ, ಕಾಲೇಜಿನ ಮೈದಾನದಲ್ಲಿ, ಓಣಿಯ ಪೆಂಡಾಲಿನಲ್ಲಿ. ಹಾಲುಗಳ ನೆಲಕ್ಕೆ ಶಹಾಬಾದ್ ಕಲ್ಲೋ ಟೈಲ್ಸೋ, ಗೋಡೆ ಬೋಳು, ಕೆಲವು ಕಡೆ ಮೇಲೆ ತಗಡು. ಸದ್ದನ್ನು ಹೀರಿಕೊಳ್ಳುವಂಥದ್ದು ಏನೂ ಇಲ್ಲ, ಎಲ್ಲವೂ ಹೊಡೆದು ವಾಪಸ್ ಬರುತ್ತದೆ. ಇಂಥ ಹಾಲಿನಲ್ಲಿ ಮೇಣ ಇಲ್ಲದ ಪಿಕಪ್ಪಿಗೆ ಡಿಸ್ಟಾರ್ಷನ್ ಹಾಕಿ ನಿಂತರೆ ಶಿಳ್ಳೆ ಬೇಗ ಏಳುತ್ತದೆ.

ಮೈದಾನದಲ್ಲಿ ಗೋಡೆಯ ಕಾಟ ಇಲ್ಲ. ಆದರೆ ವೇದಿಕೆ ಚಿಕ್ಕದು. ಡ್ರಮ್ಸ್, ಕೀಬೋರ್ಡ್, ಪ್ಯಾಡ್, ಹಾಡುವವರು ಎಲ್ಲರೂ ಒತ್ತಾಗಿ ನಿಂತಿರುತ್ತಾರೆ, ಮಾನಿಟರ್ (ಬಾರಿಸುವವರಿಗೇ ಕೇಳಲಿ ಅಂತ ಇಟ್ಟ ಸ್ಪೀಕರ್) ಕಾಲ ಬುಡದಲ್ಲೇ ಗಿಟಾರಿನ ಕಡೆ ಮುಖ ಮಾಡಿರುತ್ತದೆ. ನಮ್ಮಲ್ಲಿ ಬಹಳಷ್ಟು ಜನ ಆಂಪ್ ಒಯ್ಯುವುದಿಲ್ಲ. ಮಲ್ಟಿ ಎಫೆಕ್ಟ್ ಪೆಡಲಿನಿಂದ ನೇರವಾಗಿ ಮಿಕ್ಸರಿಗೆ ಕೊಡುತ್ತಾರೆ. ಆಂಪ್ ಇಲ್ಲ, ಹಾಗಾಗಿ ಫೀಡ್‌ಬ್ಯಾಕ್ ಬರುವುದಿಲ್ಲ ಅಂದುಕೊಳ್ಳುತ್ತಾರೆ. ಪಿಕಪ್ಪಿಗೆ ಸದ್ದು ಎಲ್ಲಿಂದ ಬಂದರೇನು? ಮಾನಿಟರಿನಿಂದ ಬಂದರೂ ಅದೇ ಕಥೆ.

ಇದಕ್ಕಿಂತ ದೊಡ್ಡ ವಿಷಯ ಒಂದಿದೆ. ಮನೆಯಲ್ಲಿ ಶಿಳ್ಳೆ ಬಂದರೆ ನೀವೇ ವಾಲ್ಯೂಮ್ ಇಳಿಸುತ್ತೀರಿ, ಕುರ್ಚಿ ಸರಿಸಿ ಕೂರುತ್ತೀರಿ. ವೇದಿಕೆ ಮೇಲೆ ಮಾನಿಟರಿನ ನಾಬ್ ಇರುವುದು ಮೈದಾನದ ಆ ಕೊನೆಯಲ್ಲಿ ಕೂತ ಸೌಂಡ್ ಸಿಸ್ಟಂನವರ ಕೈಯಲ್ಲಿ. ಹಾಡುವವರು ಕೈ ಸನ್ನೆ ಮಾಡಿ ಏರಿಸಿ ಅಂದರೆ ಅವರು ಏರಿಸುತ್ತಾರೆ. ನಿಮ್ಮ ಪಿಕಪ್ ಅದನ್ನು ತಡೆದುಕೊಳ್ಳಬೇಕು. ಸೌಂಡ್ ಚೆಕ್‌ಗೆ ಸಮಯವನ್ನೂ ಕೊಡದ ಕಾರ್ಯಕ್ರಮಗಳೇ ಜಾಸ್ತಿ. ಹಾಗಾಗಿ ಇಲ್ಲಿ ವೇದಿಕೆ ಹತ್ತುವವರಿಗೆ ನಾನು ಮೇಣ ಹಾಕಿದ್ದನ್ನೇ ಹೇಳುವುದು.

ಚರ್ಚಿನಲ್ಲಿ ಬಾರಿಸುವವರ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ದನಿ ಬಹುಪಾಲು ಕ್ಲೀನ್, ಮೇಲೆ ಒಂದಿಷ್ಟು ಡಿಲೇ, ರಿವರ್ಬ್. ನೆಕ್ ಕಡೆ ಮೇಣ ಇಲ್ಲದ್ದು, ಬ್ರಿಡ್ಜ್ ಕಡೆ ಮೇಣದ್ದು ಹಾಕಿಸಿದರೆ ಎರಡೂ ಕಡೆಯ ಲಾಭ ಸಿಗುತ್ತದೆ. ಕಿವಿಯೊಳಗೆ ಹಾಕುವ ಇನ್-ಇಯರ್ ಮಾನಿಟರ್ ಬಳಸುವ ತಂಡದವರಿಗೂ ಇದೇ ಮಾತು. ಅವರ ಸದ್ದು ಪಿಕಪ್ಪಿಗೆ ತಾಗುವುದೇ ಕಡಿಮೆ. ಹೆಡ್‌ಫೋನ್ ಹಾಕಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವವರು ಎಷ್ಟೇ ಗೇನ್ ಹಾಕಿದರೂ ಶಿಳ್ಳೆ ಬರುವುದಿಲ್ಲ, ಯಾಕಂದರೆ ಕೋಣೆಯಲ್ಲಿ ಸದ್ದೇ ಇಲ್ಲ. ಪಿಕ್ ತಾಗಿದ ಸದ್ದು ಮಾತ್ರ ಎದ್ದು ಕೇಳಬಹುದು.

ಒಳಗೆ ಪೊಳ್ಳು ಇರುವ ಸೆಮಿ ಹಾಲೋ ಗಿಟಾರ್ ಇಟ್ಟುಕೊಂಡವರು ಇನ್ನೊಂದು ನೆನಪಿಡಿ. ಅದರ ಮೈಯೇ ಅದುರಿ ಗುಂಯ್ ಅನ್ನುವ ದಪ್ಪ ಫೀಡ್‌ಬ್ಯಾಕ್ ಕೊಡುತ್ತದೆ. ಮೇಣ ಅದನ್ನು ನಿಲ್ಲಿಸುವುದಿಲ್ಲ.

ದುಡ್ಡು ಹಾಕುವ ಮೊದಲು ನೋಡಿ

ಶಿಳ್ಳೆಯೋ ಗುಂಯ್ ಅನ್ನುವ ಸದ್ದೋ ಬಂದ ಕೂಡಲೇ ಪಿಕಪ್ ಮೇಲೆ ತಪ್ಪು ಹೊರಿಸಬೇಡಿ. ಸದ್ದು ಬರುತ್ತಿರುವಾಗಲೇ ಗಿಟಾರಿನ ವಾಲ್ಯೂಮ್ ಸೊನ್ನೆ ಮಾಡಿ. ಆಗಲೂ ಸದ್ದು ಇದ್ದರೆ ಅದು ಪೆಡಲ್, ಕೇಬಲ್ ಅಥವಾ ಅದರ ಮುಂದಿನ ಯಾವುದೋ ತೊಂದರೆ. ಸದ್ದು ನಿಂತರೆ ವಾಲ್ಯೂಮ್ ಏರಿಸಿ, ಅಂಗೈಯಿಂದ ಎಲ್ಲ ತಂತಿ ಒತ್ತಿ ಮುಚ್ಚಿ. ಆಗಲೂ ಶಿಳ್ಳೆ ಬಂದರೆ ಪಿಕಪ್ ಅನ್ನುವ ಅನುಮಾನ ಗಟ್ಟಿ. ಗಿಟಾರ್ ಹಿಡಿದು ಬೇರೆ ದಿಕ್ಕಿಗೆ ತಿರುಗಿದಾಗ ಹೆಚ್ಚು ಕಡಿಮೆ ಆಗುವ ದಪ್ಪ ಗುಂಯ್ ಸದ್ದಾದರೆ ಅದು ಕರೆಂಟಿನ 50 ಹರ್ಟ್ಸ್ ಹಮ್ ಮತ್ತು ಅದರ ಮೇಲಿನ ಸ್ವರಗಳು. ಸಿಂಗಲ್ ಕಾಯಿಲ್ ಪಿಕಪ್‌ಗಳಲ್ಲಿ ಅದು ಇದ್ದೇ ಇರುತ್ತದೆ. ತಂತಿ ಮುಟ್ಟಿದರೆ ಕಡಿಮೆಯಾಗುತ್ತದೆ, ಬಿಟ್ಟರೆ ಜೋರಾಗುತ್ತದೆ ಅಂದರೆ ಆ ಸದ್ದಿಗೂ ಮೇಣಕ್ಕೂ ಸಂಬಂಧ ಇಲ್ಲ. ಗಿಟಾರಿನ ಶೀಲ್ಡಿಂಗ್ (ಹೊರಗಿನ ಕರೆಂಟಿನ ಸದ್ದು ತಡೆಯುವ ಒಳ ಹೊದಿಕೆ), ಗ್ರೌಂಡ್ ತಂತಿ, ಹಾಲಿನ ಅರ್ಥಿಂಗ್ ನೋಡಿ. ಜನರೇಟರಿನ ಮೇಲೆ ನಡೆಯುವ ಪೆಂಡಾಲಿನಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಜೀವಕ್ಕೇ ಅಪಾಯ. ಗಿಟಾರ್ ಹಿಡಿದಾಗ ಮೈಕಿಗೆ ತುಟಿ ತಾಗಿ ಶಾಕ್ ಹೊಡೆದರೆ ಅಲ್ಲಿಗೇ ನಿಲ್ಲಿಸಿ.

ಪಿಕಪ್ಪೇ ಅನ್ನುವುದು ಖಾತ್ರಿ ಆದರೆ ಉಗುರಿನಿಂದ ಅದರ ಮೇಲೆ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಟಕ್ ಟಕ್ ಅಂತ ಸ್ಪಷ್ಟವಾಗಿ, ಟೊಳ್ಳಾಗಿ ಕೇಳಿದರೆ ಮೈಕ್ರೊಫೋನಿಕ್ ಇದೆ. ಮೇಣ ಹಾಕಿದ್ದರಲ್ಲೂ ಮಂದವಾಗಿ ಕೇಳುತ್ತದೆ, ಅದು ಸಹಜ. ತುಂಬ ಸಡಿಲ ಇದ್ದರೆ ಪಿಕಪ್ ಹತ್ತಿರ ಬಾಯಿ ತಂದು ಮಾತಾಡಿದರೆ ನಿಮ್ಮ ದನಿಯೇ ಸ್ಪೀಕರಿನಲ್ಲಿ ಬರುತ್ತದೆ.

ಆಗಲೂ ಮೊದಲು ಸುಲಭದ ದಾರಿ ನೋಡಿ. ಹಮ್‌ಬಕರಿನ ಲೋಹದ ಕವರ್ ಒಳಗೆ ಜಾಗ ಇದ್ದು ಅದೊಂದೇ ಅದುರುತ್ತಿರಬಹುದು. ಪಿಕಪ್ ಕೆಳಗಿನ ಸ್ಪ್ರಿಂಗ್ ಅದುರುತ್ತಿರಬಹುದು. ಸ್ಪ್ರಿಂಗ್ ತೆಗೆದು ರಬ್ಬರ್ ಕೊಳವೆ ತುಂಡು ಹಾಕುವುದು, ಕೆಳಗೆ ಫೋಮ್ ತುಂಡು ಇಡುವುದು, ಸಡಿಲ ಸ್ಕ್ರೂ ಬಿಗಿ ಮಾಡುವುದು, ಇಷ್ಟಕ್ಕೇ ಶಿಳ್ಳೆ ಹೋದದ್ದುಂಟು. ಖರ್ಚು ಏನೂ ಇಲ್ಲ.

ಬಿಸಿಲು, ಬೆವರು

ಇದು ಕಲಬುರಗಿ, ಯಾದಗಿರಿಯವರು ಕೇಳಲೇಬೇಕಾದ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಅಷ್ಟಕ್ಕೆ ಮೇಣ ಕರಗುವುದಿಲ್ಲ. ಜೇನುಮೇಣ ಕರಗಲು 62 ಡಿಗ್ರಿಯಾದರೂ ಬೇಕು, ಪ್ಯಾರಾಫಿನ್ ಬಗೆಯ ಮೇಲೆ ಅದಕ್ಕಿಂತ ಹೆಚ್ಚು ಕಡಿಮೆ ಇರುತ್ತದೆ. ಮನೆಯಲ್ಲಿ, ವೇದಿಕೆ ಮೇಲೆ ಏನೂ ಆಗುವುದಿಲ್ಲ. ಆದರೆ ಮಟಮಟ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ, ಗಾಜಿನ ಹತ್ತಿರ, ಆ ಮಟ್ಟದ ಬಿಸಿ ಬರಬಲ್ಲದು. ಮೇಣ ಮೆತ್ತಗಾಗಿ ಒಸರಬಹುದು. ಅದಕ್ಕೆ ಮೊದಲೇ ಗಿಟಾರಿನ ಅಂಟು, ನೆಕ್ ಹಾಳಾಗುತ್ತದೆ. ಹಾಗಾಗಿ ಮೇಣ ಇರಲಿ ಬಿಡಲಿ, ಗಿಟಾರನ್ನು ಕಾರಿನಲ್ಲಿ ಬಿಡಬೇಡಿ.

ಮೇಣಕ್ಕೆ ಇನ್ನೊಂದು ಲಾಭ ಇದೆ. ಬೆವರಿನ ಉಪ್ಪು, ತೇವ ಆ ಸಣ್ಣ ತಂತಿಗೆ ತಾಗದಂತೆ ಅದು ಕಾಯುತ್ತದೆ. ಮೇ ತಿಂಗಳ ಮದುವೆ ಸೀಸನ್ನಿನಲ್ಲಿ ಲೈಟಿನ ಕೆಳಗೆ ಗಂಟೆಗಟ್ಟಲೆ ಬಾರಿಸಿದವರಿಗೆ ಇದರ ಬೆಲೆ ಗೊತ್ತು.

ಮನೆಯಲ್ಲೇ ಹಾಕಬಹುದಾ

ಹಾಕಬಹುದು, ಆದರೆ ಎಲ್ಲರಿಗೂ ಹೇಳಲಾರೆ. ಪಿಕಪ್ ಬಿಚ್ಚಿ ಬೆಸುಗೆ ಹಾಕಲು ಬರುವವರು ಮಾತ್ರ ಮುಂದೆ ಓದಿ. ಮೇಣದ ಪಾತ್ರೆಯನ್ನು ನೇರವಾಗಿ ಗ್ಯಾಸ್ ಒಲೆ ಮೇಲೆ ಇಡಲೇಬೇಡಿ, ಮೇಣದ ಹಬೆಗೆ ಬೆಂಕಿ ಹತ್ತುತ್ತದೆ. ಕರೆಂಟ್ ಒಲೆ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಮೇಣದ ಪಾತ್ರೆ. ಥರ್ಮಾಮೀಟರ್ ಇಟ್ಟು 65 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಿಸಿ. ಅದು ಮೀರಿದರೆ ಕಾಯಿಲ್ ಸುತ್ತಿದ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುತ್ತದೆ. ಹಳೆಯ ಶೈಲಿಯ ಬ್ಯುಟಿರೇಟ್ ಬಾಬಿನ್‌ಗಳು ಇನ್ನೂ ಸೂಕ್ಷ್ಮ. ಗುಳ್ಳೆ ನಿಲ್ಲುವವರೆಗೆ ಇಟ್ಟರೆ ಸಾಕು, ಸಾಮಾನ್ಯವಾಗಿ 10ರಿಂದ 20 ನಿಮಿಷ. ಬಣ್ಣದ, ಸುವಾಸನೆಯ ಮೇಣದಬತ್ತಿ ಕರಗಿಸಬೇಡಿ. ಪಕ್ಕದಲ್ಲಿ ಪಾತ್ರೆಗೆ ಸರಿಯಾಗಿ ಕೂರುವ ಮುಚ್ಚಳ ಇರಲಿ. ಬೆಂಕಿ ಹತ್ತಿದರೆ ಮುಚ್ಚಿ, ನೀರು ಹಾಕಬೇಡಿ.

ಕೆಲವರಿಗೆ ಇನ್ನೊಂದು ಯೋಚನೆ ಬರುತ್ತದೆ. ನಮ್ಮ ಊರುಗಳಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ, ಅವರೂ ಕಾಯಿಲ್ ಸುತ್ತಿ ವಾರ್ನಿಷ್ ಹಾಕುತ್ತಾರೆ, ಅಲ್ಲೇ ಕೊಟ್ಟರಾಯಿತು ಅಂತ. ದಯವಿಟ್ಟು ಬೇಡ. ಅವರ ಕೆಲಸದಲ್ಲಿ ಅವರು ಗಟ್ಟಿಗರು, ಆದರೆ ಆ ವಾರ್ನಿಷ್ ದಪ್ಪ ತಂತಿಯ ಮೋಟಾರಿಗೆ ಮಾಡಿದ್ದು, ಬಿಸಿ ಕೊಟ್ಟು ಒಣಗಿಸುವಂಥದ್ದು. ಪಿಕಪ್ಪಿನ ಪ್ಲಾಸ್ಟಿಕ್ಕಿಗೂ ತಂತಿಯ ಮೇಲಿನ ತೆಳು ಪದರಕ್ಕೂ ಅದು ಆಗಿಬರುವುದಿಲ್ಲ. ಮುಂದೆ ರಿಪೇರಿ ಮಾಡಲೂ ಆಗುವುದಿಲ್ಲ.

ಗಿಟಾರ್ ರಿಪೇರಿ ಬಲ್ಲವರು ಬೇಕಂದರೆ ನಾವು ಹೈದರಾಬಾದಿಗೇ ಹೋಗುವುದು. ಬೀದರಿನವರಿಗೆ ಅದು ಬಸ್ಸಿನಲ್ಲಿ ಹೋಗಿ ಬರುವ ದೂರ, ಕಲಬುರಗಿ, ಯಾದಗಿರಿಯವರಿಗೆ ರೈಲು ಇದೆ. ಹೋಗುವ ಮೊದಲು ಫೋನ್ ಮಾಡಿ, ಪಿಕಪ್ಪಿಗೆ ಮೇಣ ಹಾಕುತ್ತೀರಾ ಅಂತಲೇ ಕೇಳಿ. ತಂತಿ ಬದಲಿಸುವ, ಸೆಟಪ್ ಮಾಡುವ ಎಲ್ಲರೂ ಈ ಕೆಲಸ ಮಾಡುವುದಿಲ್ಲ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸ ಗಮನಿಸಿ. ಮೇಣ ಇಲ್ಲದ್ದಕ್ಕೆ ಯಾವಾಗ ಬೇಕಾದರೂ ಮೇಣ ಹಾಕಬಹುದು. ಹಾಕಿದ ಮೇಲೆ ಪೂರ್ತಿ ತೆಗೆಯಲು ಆಗುವುದಿಲ್ಲ. ಆದ್ದರಿಂದ ನಿಮ್ಮ ಹತ್ತಿರ ಈಗಾಗಲೇ ಮೇಣ ಇಲ್ಲದ ಒಳ್ಳೆಯ ಪಿಕಪ್ ಇದ್ದು, ವೇದಿಕೆ ಮೇಲೆ ಅದು ತೊಂದರೆ ಕೊಟ್ಟಿಲ್ಲ ಅಂದರೆ ಸುಮ್ನೆ ಮುಟ್ಟಬೇಡಿ. ಹಳೆಯ, ಬೆಲೆಬಾಳುವ ಪಿಕಪ್ ಆದರಂತೂ ಬೇಡವೇ ಬೇಡ. ಹೊಸದು ಕೊಳ್ಳುವುದಾದರೆ ಕಾರ್ಖಾನೆಯಲ್ಲೇ ಮೇಣ ಹಾಕಿದ್ದನ್ನು ತರಿಸುವುದು ಮೇಲು. ನೀವೇ ಹಾಕಿದರೆ ಸಾಮಾನ್ಯವಾಗಿ ವಾರಂಟಿಯೂ ಹೋಗುತ್ತದೆ.

ಕೊಳ್ಳುವಾಗ

ಹೆಸರು ನೋಡಿ ಮೋಸ ಹೋಗಬೇಡಿ, ಒಂದೇ ಕಂಪನಿ ಎರಡೂ ಬಗೆ ಮಾರುತ್ತದೆ. ಗಿಬ್ಸನ್‌ನ ಬರ್ಸ್ಟ್‌ಬಕರ್ ಸರಣಿಯ 1, 2, 3ಕ್ಕೆ ಮೇಣ ಇಲ್ಲ, ಬರ್ಸ್ಟ್‌ಬಕರ್ ಪ್ರೊಗೆ ಇದೆ, 57 ಕ್ಲಾಸಿಕ್‌ಗೂ ಇದೆ. ಸೆಮೋರ್ ಡಂಕನ್ ಕಂಪನಿಯ ಸೆತ್ ಲವರ್ ಮಾದರಿಗೆ ಮೇಣ ಇಲ್ಲ, ಅವರದೇ 59 ಮಾದರಿಗೆ ಇದೆ. ಎರಡೂ ಹಳೆಯ ಪಿಎಎಫ್ ದನಿಯ ಹಿಂದೆ ಹೊರಟವೇ. ವೇದಿಕೆಯವರು 59 ತಗೊಳ್ಳಿ, ಮನೆಯವರು ಸೆತ್ ಲವರ್ ತಗೊಂಡರೂ ನಡೆಯುತ್ತದೆ.

ಕೆಲವು ಸಣ್ಣ ತಯಾರಕರು ಹಗುರವಾಗಿ ಮೇಣ ಹಾಕಿದ್ದನ್ನೂ ಕೊಡುತ್ತಾರೆ. ಕಡಿಮೆ ಹೊತ್ತು ಮುಳುಗಿಸಿ ಹೊರಗಿನ ಸುತ್ತುಗಳನ್ನಷ್ಟೇ ಹಿಡಿಸಿರುತ್ತಾರೆ. ಬ್ಲೂಸ್, ಹಳೆಯ ರಾಕ್, ಸಿನಿಮಾ ಹಾಡು ಎಲ್ಲವನ್ನೂ ಒಂದೇ ಗಿಟಾರಿನಲ್ಲಿ ಬಾರಿಸುವ ಆರ್ಕೆಸ್ಟ್ರಾದವರಿಗೆ ನನ್ನ ಮೊದಲ ಆಯ್ಕೆ ಇದೇ. ಹೆವಿ ಮೆಟಲ್ ಬಾರಿಸುವವರಿಗೆ ಇದು ಸಾಲದು, ಪೂರ್ತಿ ಮೇಣ ಬೇಕು.

ಆರ್ಡರ್ ಹಾಕುವ ಮೊದಲು ಮಾರುವವರಿಗೆ ಬರೆದು ಕೇಳಿ. ಮೇಣ ಹಾಕಿದೆಯಾ, ಪೂರ್ತಿಯಾ ಹಗುರವಾಗಿಯಾ, ಕವರ್ ಹಾಕಿದ ಮೇಲೆ ಮುಳುಗಿಸಿದ್ದಾ ಅಥವಾ ಬರೀ ಕಾಯಿಲ್ ಮುಳುಗಿಸಿ ಆಮೇಲೆ ಕವರ್ ಹಾಕಿದ್ದಾ? ಕೊನೆಯ ಪ್ರಶ್ನೆ ಮರೆಯಬೇಡಿ. ಆಮೇಲೆ ಹಾಕಿದ ಕವರ್ ಒಳಗೆ ಮತ್ತೆ ಗಾಳಿಯ ಜಾಗ ಉಳಿದಿರುತ್ತದೆ, ಶಿಳ್ಳೆ ಅಲ್ಲಿಂದಲೇ ಬರಬಹುದು. ಉತ್ತರ ಸ್ಪಷ್ಟವಾಗಿ ಬರದಿದ್ದರೆ ಕವರ್ ಇಲ್ಲದ ಮಾದರಿಯನ್ನೇ ತರಿಸಿ.